ಹಳೆಯ ಒಲೆ, ಹೇಳದ ಮಾತು

ಹಳೆಯ ಸಾಮಾನನ್ನು ಮಾರುವವನು ಅದರ ಕುಂದನ್ನು ತಾನಾಗಿಯೇ ಹೇಳಬೇಕೆ? ಅಥವಾ ಕೊಳ್ಳುವವನು ಕೇಳಿದಾಗ ಸುಳ್ಳು ಹೇಳದಿದ್ದರೆ ಸಾಕೆ? ಪ್ರಶ್ನೆ ಹೊಸದಲ್ಲ. ಸೈಕಲ್ ಮಾರಿದವರು, ಕರೆಯುವ ಎಮ್ಮೆಯನ್ನು ಮಾರಿದವರು, ಮಳೆಗಾಲದಲ್ಲಿ ಸೋರುವ ಮನೆಯನ್ನು ಬೇಸಗೆಯಲ್ಲಿ ಮಾರಿದವರು, ಎಲ್ಲರೂ ಒಂದಲ್ಲ ಒಂದು ದಿನ ಇದರ ಮುಂದೆ ನಿಂತವರೇ. ನಿಂತಿದ್ದೇವೆಂಬುದು ಅನೇಕರಿಗೆ ಗೊತ್ತಾಗಿರಲಾರದು, ಅಷ್ಟೆ. ನಮ್ಮ ಧರ್ಮಶಾಸ್ತ್ರಕಾರರು ಇದಕ್ಕೆ ಉತ್ತರ ಹೇಳಿದ್ದಾರೆ. ಗ್ರೀಸ್ ರೋಮುಗಳ ತತ್ತ್ವಜ್ಞಾನಿಗಳು ಹೇಳಿದ್ದಾರೆ. ಈಚಿನ ಕಾಲದ ನ್ಯಾಯಾಧೀಶರೂ ಹೇಳಿದ್ದಾರೆ. ಆದರೂ ಪ್ರಶ್ನೆ ಮುಗಿದಂತೆ ಕಾಣುವುದಿಲ್ಲ. ಉತ್ತರಗಳಲ್ಲಿ ಹೆಚ್ಚಿನವು ತತ್ತ್ವವನ್ನು ಹಿಡಿದು ಹೊರಟವು. ಸಾಮಾನನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದವು ಕಡಮೆ. ಎಮ್ಮೆಯ ಕುಂದು ಬೇರೆ, ಮನೆಯ ಕುಂದು ಬೇರೆ, ಬೆಂಕಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಸಾಮಾನಿನ ಕುಂದು ಬೇರೆ. ಆದ್ದರಿಂದ ಒಂದೇ ಒಂದು ಸಾಮಾನನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ನೋಡುವುದು ನನ್ನ ಉದ್ದೇಶ. ಸಾಮಾನು ಅಷ್ಟೇನೂ ಘನವಾದದ್ದಲ್ಲ. ಅಮೆರಿಕದ ಹಿತ್ತಿಲುಗಳಲ್ಲಿ ಕಾಣುವ ಗ್ಯಾಸ್ ಗ್ರಿಲ್ ಎಂಬ ಒಲೆ. ಅದೂ ಒಬ್ಬರು ಬಳಸಿ ಇನ್ನೊಬ್ಬರಿಗೆ ದಾಟಿಸುವಂಥದು.

ಮಕ್ಕಳೋ ಮೊಮ್ಮಕ್ಕಳೋ ಆ ದೇಶದಲ್ಲಿರುವ ವಾಚಕರು ಇದನ್ನು ನೋಡಿರುತ್ತಾರೆ. ನೋಡದವರಿಗಾಗಿ ಎರಡು ಮಾತು. ಚಕ್ರವುಳ್ಳ ಒಂದು ಗಾಡಿಯ ಮೇಲೆ ಕೂರಿಸಿದ ಲೋಹದ ಪೆಟ್ಟಿಗೆ. ಅದಕ್ಕೊಂದು ದೊಡ್ಡ ಮುಚ್ಚಳ. ಒಳಗೆ ಮೂರೋ ನಾಲ್ಕೋ ಉದ್ದನೆಯ ಬರ್ನರುಗಳು, ಅವುಗಳ ಮೇಲೆ ಕಬ್ಬಿಣದ ಜಾಲರಿ. ಗಾಡಿಯ ಕೆಳಗೆ ಸಿಲಿಂಡರ್. ನಮ್ಮ ಅಡಿಗೆಮನೆಯ ಸಿಲಿಂಡರಿನಲ್ಲಿ ೧೪.೨ ಕಿಲೋ ಅನಿಲವಿದ್ದರೆ ಅವರ ಗ್ರಿಲ್ಲಿನ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ೨೦ ಪೌಂಡು, ಎಂದರೆ ಸುಮಾರು ೯ ಕಿಲೋ ಪ್ರೊಪೇನ್ ಇರುತ್ತದೆ. ಹಿಂದೆ ಇದ್ದಲಿನ ಒಲೆಯೇ ವಾಡಿಕೆ. ಷಿಕಾಗೋ ಬಳಿಯ ಜಾರ್ಜ್ ಸ್ಟೀಫನ್ ಎಂಬಾತ ೧೯೫೨ರಲ್ಲಿ ಗೋಲಾಕಾರದ ಲೋಹದ ಮೈಯನ್ನು ಕತ್ತರಿಸಿ ಮುಚ್ಚಳವುಳ್ಳ ಇದ್ದಲ ಒಲೆಯನ್ನು ಮಾಡಿದ ಕಥೆ ಅಲ್ಲಿ ಪ್ರಸಿದ್ಧ. ಅನಿಲದ ಒಲೆ ಹಿತ್ತಿಲಿಗೆ ಬಂದು ನೆಲೆಯೂರಿದ್ದು ಅದರ ಅನಂತರ. ಜುಲೈ ೪ರ ಸ್ವಾತಂತ್ರ್ಯದಿನ ಆ ದೇಶದ ಮೇಲೆ ಹೊಗೆಯ ಒಂದು ತೆಳುವಾದ ಪರದೆ ಎದ್ದಿರುತ್ತದೆಂದರೆ ಅತಿಶಯೋಕ್ತಿಯಾದರೂ ಸುಳ್ಳಲ್ಲ. ಅವರು ಮಾಂಸ ಸುಡುತ್ತಾರೆ. ನಮ್ಮವರಲ್ಲಿ ಸಸ್ಯಾಹಾರಿಗಳು ಮುಸುಕಿನ ಜೋಳ, ದೊಣ್ಣೆಮೆಣಸಿನಕಾಯಿ ಸುಡುತ್ತಾರೆ. ಬದನೆಕಾಯಿ ಸುಟ್ಟು ಗೊಜ್ಜು ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಒಲೆ ಬೇಕಿಲ್ಲವೆಂದು ಅಲ್ಲಿಗೆ ಹೋಗಿ ಬಂದ ಅಜ್ಜಿಯಂದಿರು ಒಪ್ಪಿಕೊಂಡದ್ದನ್ನು ಕೇಳಿದ್ದೇನೆ.

ಆ ಜನ ಮನೆ ಬದಲಾಯಿಸುವುದು ಹೆಚ್ಚು. ಸಾಮಾನು ಸಾಗಿಸುವ ಕಂಪನಿಗಳು ಅನಿಲದ ಸಿಲಿಂಡರನ್ನು ಲಾರಿಗೆ ಹಾಕಿಕೊಳ್ಳುವುದಿಲ್ಲ. ಜಿಡ್ಡು ಹಿಡಿದ ಗ್ರಿಲ್ಲನ್ನು ಹೊತ್ತೊಯ್ಯುವ ಉತ್ಸಾಹ ಮನೆಯವರಿಗೂ ಇರುವುದಿಲ್ಲ. ಹಾಗಾಗಿ ಅದನ್ನು ಸಿಕ್ಕಿದ ಬೆಲೆಗೆ ಮಾರುತ್ತಾರೆ. ಇಲ್ಲವೆ 'ಬೇಕಾದವರು ಒಯ್ಯಬಹುದು' ಎಂಬ ರಟ್ಟು ಅಂಟಿಸಿ ರಸ್ತೆಯಂಚಿಗೆ ತಳ್ಳುತ್ತಾರೆ. ಹೊಸದಾಗಿ ಬಂದ ಸಂಸಾರಗಳು, ವಿದ್ಯಾರ್ಥಿಗಳು ಅದನ್ನು ಕೊಳ್ಳುತ್ತಾರೆ. ಅವರಲ್ಲಿ ಬೆಂಗಳೂರು ಮೈಸೂರು ಹುಬ್ಬಳ್ಳಿಗಳಿಂದ ಹೋದವರೂ ಉಂಟು. ಇವರ ನಡುವೆ ಇನ್ನೊಂದು ವರ್ಗವಿದೆ: ಹಳೆಯದನ್ನು ತಂದು, ಬಿಚ್ಚಿ, ತಿಕ್ಕಿ, ದುರಸ್ತಿ ಮಾಡಿ, ಮತ್ತೆ ಮಾರುವವರು. ರಜಾದಿನದ ಹವ್ಯಾಸವೆಂದು ಕೆಲವರಿಗೆ, ಜೀವನೋಪಾಯವೆಂದು ಕೆಲವರಿಗೆ. ನಮ್ಮ ಪ್ರಶ್ನೆ ಈ ಮೂರನೆಯವನ ಗ್ಯಾರೇಜಿನಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ, ಏಕೆಂದರೆ ಆತ ಎಲ್ಲವನ್ನೂ ನೋಡಿರುತ್ತಾನೆ.

ಆತ ನೋಡುವುದೇನನ್ನು? ಮೊದಲು ಮುಚ್ಚಳ ಎತ್ತುತ್ತಾನೆ. ಜಾಲರಿ ತುಕ್ಕು ಹಿಡಿದಿರುತ್ತದೆ. ಇದನ್ನು ಕಂಡು ಬೆಚ್ಚುವವರು ಬಹಳ. ನಿಜಕ್ಕೂ ಇದು ಏನೂ ಅಲ್ಲ. ಅಟ್ಟದಿಂದ ಇಳಿಸಿದ ದೋಸೆಯ ಕಾವಲಿಯನ್ನು ಉಜ್ಜಿ ಎಣ್ಣೆ ಸವರಿ ಪಳಗಿಸುವುದನ್ನು ಬಲ್ಲ ನಮ್ಮ ಹೆಂಗಸರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಉಜ್ಜುವ ತಂತಿಯ ಬ್ರಷ್ಷಿನ ಎಳೆ ಜಾಲರಿಯಲ್ಲಿ ಉಳಿದು ಊಟದೊಡನೆ ಗಂಟಲಿಗೆ ಹೋದೀತೆಂಬ ಎಚ್ಚರ ಇದ್ದರೆ ಸರಿ. ಆಮೇಲೆ ಪೆಟ್ಟಿಗೆಯ ತಳ. ಅಲ್ಯೂಮಿನಿಯಂ ಎರಕದ್ದಾದರೆ ಅದು ಇಪ್ಪತ್ತು ವರ್ಷ ಮಳೆಯಲ್ಲಿ ನಿಂತರೂ ತುಕ್ಕು ಹಿಡಿಯದು. ಬಣ್ಣ ಬಳಿದ ಉಕ್ಕಿನ ತಗಡಾದರೆ ಜಿಡ್ಡು ನಿಂತ ಮೂಲೆಯಲ್ಲಿ ತೂತಾಗಿರುತ್ತದೆ. ಹೊಳೆಯುವ ಉಕ್ಕೆಂದು ಮಾರುವ ಮುಚ್ಚಳಕ್ಕೆ ಒಂದು ಸಣ್ಣ ಅಯಸ್ಕಾಂತ ಹಿಡಿದು ನೋಡುತ್ತಾನೆ. ಉತ್ತಮ ದರ್ಜೆಯ ಸ್ಟೇನ್‌ಲೆಸ್ ಉಕ್ಕು ಸಾಮಾನ್ಯವಾಗಿ ಅದಕ್ಕೆ ಅಂಟದು. ಕೀಳು ದರ್ಜೆಯದು ಟಪ್ಪನೆ ಅಂಟುತ್ತದೆ.

ಇಷ್ಟೂ ಕಣ್ಣಿಗೆ ಸಂಬಂಧಿಸಿದ್ದು. ಮುಂದಿನದು ಹಾಗಲ್ಲ. ಬರ್ನರನ್ನು ಹೊರಕ್ಕೆ ತೆಗೆದರೆ ಅದರ ಸಣ್ಣ ರಂಧ್ರಗಳ ಸಾಲು ಕಾಣುತ್ತದೆ. ಎರಡು ರಂಧ್ರಗಳ ನಡುವಿನ ಲೋಹ ತುಕ್ಕಿನಿಂದ ಉದುರಿ ಅವೆರಡೂ ಸೇರಿ ಒಂದು ಸೀಳಾಗಿದ್ದರೆ ಜ್ವಾಲೆ ನೀಲಿ ಬಿಟ್ಟು ಹಳದಿಯಾಗಿ, ಒಂದೇ ಕಡೆ ಎದ್ದು ಉರಿಯುತ್ತದೆ. ಬರ್ನರಿನ ಹಿಂಬದಿಯಲ್ಲಿ ಅನಿಲಕ್ಕೆ ಗಾಳಿ ಸೇರುವ ಬಾಯಿ ಇದೆ. ಚಳಿಗಾಲವೆಲ್ಲ ಉಪಯೋಗಿಸದೆ ನಿಂತ ಗ್ರಿಲ್ಲಿನ ಈ ಬಾಯಿಯಲ್ಲಿ ಜೇಡ ಗೂಡು ಕಟ್ಟುತ್ತದೆ. ಹಾಸ್ಯವೆಂದು ತಿಳಿಯಬೇಡಿ, ಒಲೆ ತಯಾರಿಸುವವರೇ ತಮ್ಮ ಕೈಪಿಡಿಗಳಲ್ಲಿ ಜೇಡನ ವಿಷಯವಾಗಿ ಎಚ್ಚರಿಕೆ ಅಚ್ಚುಮಾಡುತ್ತಾರೆ. ಬೆರಳ ತುದಿಯಷ್ಟು ಬಲೆ ಸಾಕು. ಅನಿಲ ಮುಂದಕ್ಕೆ ಹೋಗಲಾರದೆ ಹಿಂದಕ್ಕೆ ತಿರುಗಿ, ಕೈಯಿಟ್ಟು ತಿರುಗಿಸುವ ನಾಬಿನ ಬಳಿಯೇ ಹೊತ್ತಿಕೊಳ್ಳುತ್ತದೆ. ಇನ್ನೊಂದು ಕುಂದು ಇದಕ್ಕಿಂತ ಗುಪ್ತವಾದದ್ದು. ಅಲ್ಲಿ ಕೆಲವು ಮನೆಗಳಿಗೆ ಕೊಳವೆಯ ಮೂಲಕ ನೈಸರ್ಗಿಕ ಅನಿಲ ಬರುತ್ತದೆ. ಅದಕ್ಕೆ ಮಾಡಿದ ಗ್ರಿಲ್ಲಿನ ಜೆಟ್ಟಿನ ರಂಧ್ರ ದೊಡ್ಡದು. ಅದೇ ಗ್ರಿಲ್ಲಿಗೆ ಪ್ರೊಪೇನ್ ಸಿಲಿಂಡರ್ ಕಟ್ಟಿದರೆ ಬೇಕಾದ್ದಕ್ಕಿಂತ ಬಹಳ ಹೆಚ್ಚು ಅನಿಲ ಹರಿದು ಜ್ವಾಲೆ ಮುಖಕ್ಕೆ ಎದ್ದೀತು. ಹೊರಗಿನಿಂದ ಎರಡೂ ಅವಳಿ ಮಕ್ಕಳಂತಿರುತ್ತವೆ.

ಕಡೆಗೆ ರೆಗ್ಯುಲೇಟರು ಮತ್ತು ರಬ್ಬರ್ ಪೈಪು. ಬೆಚ್ಚಗಿನ ದಿನದಲ್ಲಿ ಸಿಲಿಂಡರಿನೊಳಗಿನ ಒತ್ತಡ ಸುಮಾರು ಎಂಟು ವಾಯುಭಾರದಷ್ಟು. ರೆಗ್ಯುಲೇಟರು ಅದನ್ನು ಸುಮಾರು ಮುನ್ನೂರರಲ್ಲಿ ಒಂದು ಪಾಲಿಗೆ ಇಳಿಸಿ ಬರ್ನರಿಗೆ ಕಳಿಸುತ್ತದೆ. ಅಂಗೈಯಗಲದ ಡಬ್ಬಿ; ಅದರೊಳಗೆ ಒಂದು ರಬ್ಬರಿನ ಪೊರೆ, ಒಂದು ಸ್ಪ್ರಿಂಗು. ಪೊರೆ ಮುಪ್ಪಾಗಿದೆಯೆ ಎಂದು ಹೊರಗಿನಿಂದ ಹೇಳುವುದು ಯಾರಿಂದಲೂ ಆಗದು. ಪೈಪಿನ ವಿಷಯ ಅಷ್ಟು ಕಷ್ಟವಲ್ಲ. ಸೋಪಿನ ನೀರನ್ನು ಬ್ರಷ್ಷಿನಿಂದ ಪೈಪಿನ ಉದ್ದಕ್ಕೂ, ಸೇರುವೆಗಳ ಸುತ್ತಲೂ ಹಚ್ಚಿ, ಒಲೆ ಹಚ್ಚದೆ ಸಿಲಿಂಡರಿನ ವಾಲ್ವನ್ನು ಮೆಲ್ಲಗೆ ತೆರೆಯಬೇಕು. ಸೋರುವ ಕಡೆ ಗುಳ್ಳೆ ಏಳುತ್ತದೆ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವ ಶೂರರು ಎಲ್ಲ ದೇಶಗಳಲ್ಲೂ ಇದ್ದಾರೆ; ಅವರ ಮಾತು ಇಲ್ಲಿ ಬೇಡ. ಒಟ್ಟು ಐದು ನಿಮಿಷದ ಕೆಲಸ, ಒಂದು ಲೋಟ ಸೋಪಿನ ನೀರು. ಈ ಐದು ನಿಮಿಷವನ್ನು ವಾಚಕರು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ನನ್ನ ವಾದವೆಲ್ಲ ಮುಂದೆ ಅದರ ಮೇಲೆಯೇ ನಿಲ್ಲಬೇಕಾಗಿದೆ.

ಈಗ ಗಮನಿಸಿ. ಕಣ್ಣಿಗೆ ಕಾಣುವ ಕುಂದುಗಳೆಲ್ಲ ಹೆಚ್ಚುಕಡಮೆ ನಿರಪಾಯ. ಅಪಾಯದ ಕುಂದುಗಳೆಲ್ಲ ಕಣ್ಣಿಗೆ ಮರೆ. ಕೊಳ್ಳಲು ಬಂದವನು ಬೆಲೆ ಇಳಿಸುವುದು ತುಕ್ಕಿನ ಜಾಲರಿಯನ್ನು ತೋರಿಸಿ. ಮಾರುವವನು ಬೆಲೆ ಏರಿಸುವುದು ಕಪ್ಪು ಬಣ್ಣ ಸಿಂಪಡಿಸಿದ ಮುಚ್ಚಳವನ್ನು ತೋರಿಸಿ. ಚೌಕಾಸಿಯೆಲ್ಲ ಮುಖ್ಯವಲ್ಲದ ವಿಷಯದ ಮೇಲೆ ನಡೆದುಹೋಗುತ್ತದೆ. ಬಣ್ಣ ಹೊಡೆಯುವುದು ವಂಚನೆಯೆಂದು ನಾನು ಹೇಳುವುದಿಲ್ಲ; ಮಾರುವ ಮೊದಲು ಮನೆಗೆ ಸುಣ್ಣ ಹೊಡೆಸದವರು ಯಾರು? ಆದರೆ ಹೊಳಪನ್ನು ಕಂಡ ಕಣ್ಣು ಅಲ್ಲಿಗೇ ತೃಪ್ತಿಪಟ್ಟು ಮುಂದೆ ಹುಡುಕುವುದಿಲ್ಲವೆಂಬುದು ಮಾರುವವನಿಗೆ ಗೊತ್ತು.

ಅನಿಲದ ವಿಷಯದಲ್ಲಿ ಮನುಷ್ಯರು ಒಮ್ಮೆ ಇದೇ ಪ್ರಶ್ನೆಯನ್ನು ದೊಡ್ಡ ಬೆಲೆ ತೆತ್ತು ತೀರ್ಮಾನಿಸಬೇಕಾಯಿತು. ೧೯೩೭ರ ಮಾರ್ಚ್ ೧೮ರಂದು ಟೆಕ್ಸಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ಸೋರಿದ ನೈಸರ್ಗಿಕ ಅನಿಲ ಕಟ್ಟಡದಡಿಯಲ್ಲಿ ಶೇಖರವಾಗಿ ಸಿಡಿಯಿತು. ಸತ್ತವರು ಮುನ್ನೂರಕ್ಕೆ ಸಮೀಪ, ಬಹುಪಾಲು ಮಕ್ಕಳು. ಖರ್ಚು ಉಳಿಸಲೆಂದು ಎಣ್ಣೆಬಾವಿಗಳ ಕಡೆಯಿಂದ ಬರುವ ಅನಿಲವನ್ನು ಶಾಲೆಗೆ ತಿರುಗಿಸಿಕೊಂಡಿದ್ದರು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರುತ್ತಿರುವುದು ಯಾರಿಗೂ ತಿಳಿಯಲಿಲ್ಲ. ಅನಂತರ ಆ ರಾಜ್ಯ ಅನಿಲಕ್ಕೆ ದುರ್ವಾಸನೆ ಬೆರೆಸಬೇಕೆಂದು ಕಾನೂನು ಮಾಡಿತು. ಪದ್ಧತಿ ಬೇರೆಡೆಗೂ ಹರಡಿತು. ಇಂದು ನಮ್ಮ ಅಡಿಗೆಮನೆಯಲ್ಲಿ ಮೂಗಿಗೆ ಬಡಿಯುವ ಆ ಕೊಳೆತ ವಾಸನೆ ಅನಿಲದ್ದಲ್ಲ, ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತದ್ದು. ಮೂಕವಸ್ತುವೊಂದಕ್ಕೆ ತನ್ನ ಕುಂದನ್ನು ತಾನೇ ಸಾರಬೇಕೆಂಬ ಕಟ್ಟಳೆಯನ್ನು ಮನುಷ್ಯರು ಹಾಕಿದರು. ಆದರೆ ಆ ನಾಲಗೆಯೂ ಎಲ್ಲ ಕಾಲದಲ್ಲೂ ಮಾತನಾಡದು. ಸಿಲಿಂಡರಿನ ಒಳಮೈ ತುಕ್ಕು ಹಿಡಿದಿದ್ದರೆ ವಾಸನೆ ಕುಂದುತ್ತದೆ. ವಯಸ್ಸಾದವರ ಮೂಗು ಅದನ್ನು ಹಿಡಿಯಲಾರದು. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಾಲು ಭಾರವಾದ್ದರಿಂದ ನೆಲಕ್ಕಿಳಿದು ಕಾಲಬಳಿ ಹರಡುತ್ತದೆ. ಅನಿಲ ಸುಮ್ಮನಿದ್ದಾಗ ಮಾತನಾಡಬೇಕಾದವನು ಒಲೆಯನ್ನು ಬಲ್ಲವನೊಬ್ಬನೇ.

ನಮ್ಮ ಹಿರಿಯರು ಈ ಮಾತನ್ನು ಹೇಗೆ ಎಣಿಸಿದ್ದರೆಂದು ನೋಡುವುದು ಸ್ವಾರಸ್ಯಕರ. ನಾರದಸ್ಮೃತಿಯಲ್ಲಿ ಕೊಂಡ ಮೇಲೆ ಪಶ್ಚಾತ್ತಾಪಪಡುವವರ ವಿಷಯಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ಕೊಳ್ಳುವವನು ಮೊದಲು ತಾನೇ ಗುಣದೋಷಗಳನ್ನು ಪರೀಕ್ಷಿಸಿಕೊಳ್ಳಬೇಕು. ಪರೀಕ್ಷಿಸಿ ಒಪ್ಪಿದ್ದನ್ನು ಹಿಂದಿರುಗಿಸುವ ಹಾಗಿಲ್ಲ. ಪರೀಕ್ಷೆಗೆ ಗಡುವನ್ನು ಪದಾರ್ಥವನ್ನು ನೋಡಿ ಕೊಟ್ಟಿದ್ದಾರೆ: ಹಾಲು ಕರೆಯುವ ಹಸುವಿಗೆ ಮೂರು ದಿನ, ಹೊರೆ ಹೊರುವ ಪಶುವಿಗೆ ಐದು, ರತ್ನಕ್ಕೆ ಏಳು, ಬೀಜಕ್ಕೆ ಹತ್ತು, ಕಬ್ಬಿಣಕ್ಕೂ ಬಟ್ಟೆಗೂ ಒಂದೇ ದಿನ. ಈ ಪಟ್ಟಿಯಲ್ಲಿ ಲೋಕಾನುಭವವಿದೆ. ಹಸುವಿನ ಕಳ್ಳತನ ಮೂರು ಕರಾವಿನಲ್ಲಿ ಗೊತ್ತಾಗುತ್ತದೆ. ಬೀಜದ ಕಳ್ಳತನ ಮೊಳಕೆಯಾಗುವ ತನಕ ಗೊತ್ತಾಗುವುದಿಲ್ಲ. ಕಬ್ಬಿಣವನ್ನು ಬಡಿದು ನೋಡಿದರೆ ಅಂದೇ ಗೊತ್ತಾಗುತ್ತದೆ. ಹಳೆಯ ಬಟ್ಟೆಯ ವಿಷಯವನ್ನೂ ನಾರದ ಬಿಟ್ಟಿಲ್ಲ: ಹರಿದು ಮಾಸಿದ್ದೆಂದು ಕಂಡೇ ಕೊಂಡದ್ದನ್ನು ಮರಳಿಸಲಾಗದು. ಇನ್ನು ಮನುಸ್ಮೃತಿ ಮಾರುವವನ ಕಡೆ ತಿರುಗಿ, ಸಾರವಿಲ್ಲದ್ದನ್ನೂ ಮರೆಮಾಚಿದ್ದನ್ನೂ ಮಾರತಕ್ಕದ್ದಲ್ಲವೆನ್ನುತ್ತದೆ; ಮನಸ್ಸು ತಿರುಗಿದವನಿಗೆ ಹತ್ತು ದಿನಗಳ ಅವಕಾಶವನ್ನೂ ಕೊಡುತ್ತದೆ. ನಮ್ಮ ೧೯೩೦ರ ಸರಕು ಮಾರಾಟದ ಕಾಯಿದೆಯೂ ಕೊಳ್ಳುವವನೇ ಎಚ್ಚರವಾಗಿರಲಿ ಎಂಬಲ್ಲಿಂದ ಹೊರಟು, ಆಮೇಲೆ ಅಪವಾದಗಳನ್ನು ಸೇರಿಸುತ್ತದೆ.

ಹಳೆಯ ಗ್ರಿಲ್ಲಿಗೆ ನಾರದ ಯಾವ ಗಡುವನ್ನು ಕೊಡುತ್ತಿದ್ದನೋ! ಕಬ್ಬಿಣವೆಂದರೆ ಒಂದು ದಿನ. ಆದರೆ ರೆಗ್ಯುಲೇಟರಿನ ಪೊರೆ ಕಬ್ಬಿಣದ ಜಾತಿಯದಲ್ಲ, ಬೀಜದ ಜಾತಿಯದು. ಅದರ ಗುಣ ಯಾವತ್ತೋ ಒಂದು ದಿನ ಹೊರಗೆ ಬರುತ್ತದೆ. ಕೊಳ್ಳುವವನ ಪರೀಕ್ಷೆ ಎಲ್ಲಿ ಮುಟ್ಟಲಾರದೋ ಅಲ್ಲಿ ಪರೀಕ್ಷೆಯ ಹೊಣೆಯನ್ನು ಅವನ ಮೇಲೆ ಹಾಕುವುದರಲ್ಲಿ ಅರ್ಥವಿಲ್ಲ.

ಸಿಸೆರೋ ಕ್ರಿ.ಪೂ. ೪೪ರಲ್ಲಿ ಬರೆದ ಕರ್ತವ್ಯಗಳ ಕುರಿತಾದ ಗ್ರಂಥದ ಮೂರನೆಯ ಭಾಗದಲ್ಲಿ ಈ ಚರ್ಚೆಗೆ ಎರಡು ಉದಾಹರಣೆಗಳಿವೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಅಲೆಗ್ಸಾಂಡ್ರಿಯದಿಂದ ಧಾನ್ಯ ತಂದ ವರ್ತಕನಿಗೆ ತನ್ನ ಹಿಂದೆಯೇ ಇನ್ನೂ ಹಡಗುಗಳು ಬರುತ್ತಿವೆಯೆಂದು ಗೊತ್ತು. ಆತ ಅದನ್ನು ಹೇಳಬೇಕೆ, ಸುಮ್ಮನಿದ್ದು ಹೆಚ್ಚಿನ ಬೆಲೆ ಪಡೆಯಬೇಕೆ? ಎರಡನೆಯದು ಮನೆಯ ಮಾರಾಟ: ರೋಗ ತರುವ ಮನೆ, ಮಲಗುವ ಕೋಣೆಗಳಲ್ಲೆಲ್ಲ ಹಾವು, ಮರ ಕೆಟ್ಟು ಬೀಳುವ ಸ್ಥಿತಿ; ಒಡೆಯನ ಹೊರತು ಯಾರಿಗೂ ತಿಳಿಯದು. ಬ್ಯಾಬಿಲೋನಿನ ಡಯೋಜಿನೀಸ್ ಸುಮ್ಮನಿರುವುದು ಮರೆಮಾಚುವುದಲ್ಲ ಎಂದ. ಅವನ ಶಿಷ್ಯ ಆಂಟಿಪೇಟರ್, ದಾರಿ ತಪ್ಪಿದವನಿಗೆ ದಾರಿ ತೋರದಿರುವುದಕ್ಕಿಂತ ಇದು ಕೆಟ್ಟದ್ದು ಎಂದ. ಸಿಸೆರೋ ಶಿಷ್ಯನ ಪಕ್ಷ. ಇಬ್ಬರು ವರ್ತಕರೂ ಹೇಳಬೇಕಿತ್ತೆಂದು ಅವನ ತೀರ್ಪು.

ಸಿಸೆರೋ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ನನಗೆ ಸರಿಯೆನಿಸುವುದಿಲ್ಲ. ಧಾನ್ಯದ ವರ್ತಕ ಸುಮ್ಮನಿದ್ದರೆ ಕೊಂಡವನಿಗೆ ನಷ್ಟವಾಗುವುದು ಹಣ. ತಂದ ಧಾನ್ಯವಂತೂ ಒಳ್ಳೆಯದೇ, ಅನ್ನವಾಗುತ್ತದೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯ ೧೮೧೭ರಲ್ಲಿ ಇಂಥದೇ ಒಂದು ವ್ಯಾಜ್ಯವನ್ನು ನೋಡಿತು. ನ್ಯೂ ಆರ್ಲಿಯನ್ಸಿನಲ್ಲಿ ಹೊಗೆಸೊಪ್ಪು ಕೊಂಡವನಿಗೆ ಇಂಗ್ಲೆಂಡಿನೊಡನೆ ಸಂಧಿಯಾದ ಸುದ್ದಿ ಮೊದಲೇ ತಿಳಿದಿತ್ತು, ಮಾರಿದವನಿಗೆ ತಿಳಿಯದು. ಮುಖ್ಯ ನ್ಯಾಯಾಧೀಶ ಮಾರ್ಷಲ್, ಆ ಸುದ್ದಿಯನ್ನು ಹೇಳಲು ಕೊಂಡವನು ಬದ್ಧನಲ್ಲವೆಂದ. ಬೆಲೆಗೆ ಸಂಬಂಧಿಸಿದ ಮೌನವನ್ನು ಲೋಕ ಒಂದಷ್ಟು ದೂರ ಸಹಿಸಿಕೊಳ್ಳುತ್ತದೆ. ಸಹಿಸದಿದ್ದರೆ ಯಾವ ಸಂತೆಯೂ ನಡೆಯದು. ಹಾವಿರುವ ಮನೆಯ ವಿಷಯ ಬೇರೆ. ಅಲ್ಲಿ ಮೌನದ ಬೆಲೆ ಹಣದಲ್ಲಿಲ್ಲ.

ಗ್ರಿಲ್ ಮಾರುವವನ ಸಮರ್ಥನೆಯನ್ನು ಈಗ ಕೇಳೋಣ. "ಹೊಸದಕ್ಕೆ ಐದುನೂರು ಡಾಲರ್ ಆಗುತ್ತದೆ, ನಾನು ಐವತ್ತಕ್ಕೆ ಕೊಟ್ಟೆ. ಇದ್ದಂತೆಯೇ ಕೊಡುತ್ತೇನೆಂದು ಮೊದಲೇ ಹೇಳಿದ್ದೇನೆ. ಕುಂದಿಗೆಲ್ಲ ಸೇರಿಸಿಯೇ ಬೆಲೆ ಇಳಿಸಿದ್ದು." ಇದು ಕುಹಕದ ಮಾತಲ್ಲ, ಇದರಲ್ಲಿ ಅರ್ಧ ಸತ್ಯವಿದೆ. ಕಿಡಿ ಹಾರಿಸುವ ಗುಂಡಿ ಕೆಟ್ಟಿದ್ದರೆ, ಚಕ್ರ ಮುರಿದಿದ್ದರೆ, ನಾಲ್ಕರಲ್ಲಿ ಒಂದು ಬರ್ನರ್ ಮಂದವಾಗಿ ಉರಿದರೆ ಅದರ ನಷ್ಟವನ್ನು ಅನುಭವಿಸುವವನು ಕೊಂಡವನು. ರಿಯಾಯಿತಿ ಪಡೆದವನೂ ಅವನೇ. ಲೆಕ್ಕ ಚುಕ್ತವಾಯಿತು. ಆದರೆ ಬಿರುಕುಬಿಟ್ಟ ಪೈಪಿನ ನಷ್ಟವನ್ನು ಅನುಭವಿಸುವವರು ಯಾರು? ಭಾನುವಾರ ಊಟಕ್ಕೆ ಬಂದ ನೆಂಟರು, ಗ್ರಿಲ್ಲಿನ ಸುತ್ತ ಓಡಾಡುವ ಪಕ್ಕದ ಮನೆಯ ಮಗು. ಚೌಕಾಸಿ ನಡೆದಾಗ ಅವರಾರೂ ಅಲ್ಲಿರಲಿಲ್ಲ. ಇಳಿಸಿದ ನಾನೂರೈವತ್ತು ಡಾಲರಿನಲ್ಲಿ ಅವರಿಗೆ ಒಂದು ಬಿಡಿಗಾಸೂ ಸಲ್ಲಲಿಲ್ಲ. ಇಬ್ಬರು ಒಪ್ಪಿ ಮೂರನೆಯವನ ಮೈಮೇಲಿನ ಅಪಾಯಕ್ಕೆ ಬೆಲೆ ಕಟ್ಟುವುದು ಯಾವ ನ್ಯಾಯ?

ಈ ಮೂರನೆಯವನನ್ನು ನ್ಯಾಯಾಲಯಗಳು ಬಹಳ ತಡವಾಗಿ ಕಂಡವು. ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯದಲ್ಲಿ ೧೯೧೬ರಲ್ಲಿ ತೀರ್ಮಾನವಾದ ಮ್ಯಾಕ್‌ಫರ್ಸನ್ ಮೊಕದ್ದಮೆ ಕಾನೂನು ಓದಿದವರಿಗೆಲ್ಲ ಗೊತ್ತು. ಆತ ವ್ಯಾಪಾರಿಯೊಬ್ಬನಿಂದ ಬ್ಯೂಯಿಕ್ ಕಾರು ಕೊಂಡ. ಅದರ ಚಕ್ರದ ಮರ ಕೆಟ್ಟದ್ದಾಗಿದ್ದು ಮುರಿದು ಪೆಟ್ಟು ತಿಂದ. ನಾವು ಮಾರಿದ್ದು ವ್ಯಾಪಾರಿಗೆ, ಇವನಿಗಲ್ಲ. ಚಕ್ರವನ್ನಾದರೋ ಬೇರೆಯವರಿಂದ ತರಿಸಿದ್ದು ಎಂದು ಕಂಪನಿ ವಾದಿಸಿತು. ನ್ಯಾಯಾಧೀಶ ಕಾರ್ಡೋಜೋ ಒಪ್ಪಲಿಲ್ಲ. ಪರೀಕ್ಷಿಸಿದ್ದರೆ ದೋಷ ಕಾಣುತ್ತಿತ್ತು, ಪರೀಕ್ಷಿಸಲಿಲ್ಲ. ಕೆಟ್ಟರೆ ಜೀವಕ್ಕೆ ಅಪಾಯ ತರುವ ವಸ್ತುವನ್ನು ಮಾಡುವವನ ಹೊಣೆ ಒಪ್ಪಂದದ ಗೆರೆಯಲ್ಲಿ ನಿಲ್ಲದೆ ಅದನ್ನು ಬಳಸುವವರ ತನಕ ಹೋಗುತ್ತದೆ ಎಂದು ಆತನ ತೀರ್ಪಿನ ಸಾರ. ಅದು ಕಾರ್ಖಾನೆಯ ಮಾತು. ಹಿತ್ತಿಲ ಒಲೆಯನ್ನು ಮಾರುವ ಗೃಹಸ್ಥನನ್ನು ಕೋರ್ಟು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಕೋರ್ಟು ಬಿಟ್ಟುಕೊಟ್ಟದ್ದನ್ನು ನಾವೂ ಬಿಟ್ಟುಕೊಡಬೇಕೆಂದೇನಿಲ್ಲವಷ್ಟೆ.

ಪರೀಕ್ಷಿಸಲಿಲ್ಲ ಎಂಬ ಮಾತು ಬಂತು. ಇಲ್ಲಿಯೇ ಜಾಣರ ದಾರಿಯೊಂದು ತೆರೆದಿದೆ. ತಿಳಿದದ್ದನ್ನು ಮುಚ್ಚಿಡುವುದು ತಪ್ಪಾದರೆ ತಿಳಿದುಕೊಳ್ಳದೆಯೇ ಇದ್ದುಬಿಡಬಹುದಲ್ಲ! ಸೋಪಿನ ನೀರು ಹಚ್ಚದವನು ಎದೆ ತಟ್ಟಿಕೊಂಡು "ಸೋರುವುದು ನನಗೆ ಗೊತ್ತಿಲ್ಲ" ಎನ್ನಬಹುದು. ಆ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ. ಹೀಗಾದರೆ ಬಿಚ್ಚಿ ನೋಡಿ ಕಷ್ಟಪಟ್ಟು ದುರಸ್ತಿ ಮಾಡುವವನೇ ಸಾಲಗಾರನಾಗಿ, ಕಣ್ಣು ಮುಚ್ಚಿ ಕೈ ಬದಲಾಯಿಸುವವನು ಋಣಮುಕ್ತನಾಗಿ ಹೋಗುತ್ತಾನೆ. ಈ ವಿಚಿತ್ರ ಫಲವೇ ತತ್ತ್ವದಲ್ಲೆಲ್ಲೋ ಲೋಪವಿದೆಯೆಂಬುದಕ್ಕೆ ಸಾಕ್ಷಿ. ಅಜ್ಞಾನಗಳಲ್ಲಿ ಎರಡು ಬಗೆ. ರೆಗ್ಯುಲೇಟರಿನ ಪೊರೆಯ ವಿಷಯವಾಗಿ ನಮ್ಮೆಲ್ಲರ ಅಜ್ಞಾನ ನಿಜವಾದದ್ದು; ಅದನ್ನು ಹಾಗೆಯೇ ಹೇಳಿ, ಹೊಸ ರೆಗ್ಯುಲೇಟರ್ ಹಾಕಿಕೊಳ್ಳಿ ಎನ್ನಬಹುದು. ಪೈಪಿನ ವಿಷಯವಾದ ಅಜ್ಞಾನ ಮಾತ್ರ ಐದು ನಿಮಿಷದಲ್ಲಿ ಕಳೆಯಬಹುದಾದದ್ದು. ಕಳೆದುಕೊಳ್ಳದೆ ಇಟ್ಟುಕೊಂಡರೆ ಅದು ಅಜ್ಞಾನವಲ್ಲ, ಬೇಕೆಂದೇ ಕೂಡಿಟ್ಟ ಆಸ್ತಿ. ಅಪಾಯ ದೊಡ್ಡದಾಗಿ ಪರೀಕ್ಷೆಯ ಶ್ರಮ ಚಿಕ್ಕದಾಗಿರುವಲ್ಲಿ ಪರೀಕ್ಷಿಸದಿರುವುದಕ್ಕೂ ಮರೆಮಾಚುವುದಕ್ಕೂ ಅಂತರ ಕೂದಲೆಳೆಯಷ್ಟೇ ಎಂದು ನನ್ನ ಅಭಿಪ್ರಾಯ. ಶ್ರಮ ಹೆಚ್ಚಾದಂತೆ ಅಂತರವೂ ಹೆಚ್ಚುತ್ತದೆ. ಎಲ್ಲಿ ಗೆರೆ ಎಳೆಯಬೇಕೆಂದು ಅಳತೆಗೋಲು ಹಿಡಿದು ಹೇಳುವುದು ಸಾಧ್ಯವಿಲ್ಲ.

ಇದಕ್ಕೆ ಗಟ್ಟಿಯಾದ ಆಕ್ಷೇಪಣೆಯೊಂದುಂಟು. ಈ ಪಾಪಭೀರುತ್ವ ಹರಡಿದರೆ ಗತಿಯೇನು? ಜನ ಹಳೆಯ ಒಲೆಗಳನ್ನು ಮಾರಲು ಹೆದರಿ ಗುಜರಿಗೆ ಹಾಕುತ್ತಾರೆ. ಐವತ್ತು ಡಾಲರಿಗೆ ಒಲೆ ಕೊಳ್ಳಬಹುದಾಗಿದ್ದ ವಿದ್ಯಾರ್ಥಿಗೆ ಒಲೆಯೇ ಇಲ್ಲವಾಗುತ್ತದೆ. ಉಳ್ಳವನ ಧರ್ಮಸೂಕ್ಷ್ಮಕ್ಕೆ ಇಲ್ಲದವನು ಕಂದಾಯ ಕಟ್ಟಬೇಕೆ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬಡತನದಲ್ಲಿ ಬಾಳಿದವರಿಗೆಲ್ಲ ಗೊತ್ತು, ಲೋಕ ನಡೆಯುವುದೇ ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಸರಿಮಾಡಿಕೊಂಡು ಬಳಸುವುದರಿಂದ. ನಮ್ಮ ಬೀದಿಗಳಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ಸ್ಟೌ ರಿಪೇರಿ ಎಂದು ಕೂಗುತ್ತ ಬರುತ್ತಿದ್ದವರು ಎಷ್ಟು ಸಂಸಾರಗಳ ಒಲೆಯನ್ನು ಉರಿಸಿದ್ದಾರೋ!

ಆಕ್ಷೇಪಣೆಗೆ ಉತ್ತರ ತತ್ತ್ವದಲ್ಲಿಲ್ಲ, ಕೈಕೆಲಸದ ತಿಳಿವಳಿಕೆಯಲ್ಲಿದೆ. ತುಕ್ಕಿನ ಜಾಲರಿಗೂ ಬಿರುಕಿನ ಪೈಪಿಗೂ ವ್ಯತ್ಯಾಸ ಅರಿಯದ ಸಜ್ಜನ ಇಡೀ ಒಲೆಯನ್ನೇ ಎಸೆಯುತ್ತಾನೆ. ಅರಿತವನು ಪೈಪು ರೆಗ್ಯುಲೇಟರುಗಳನ್ನು ಬದಲಾಯಿಸುತ್ತಾನೆ. ಅವೆರಡೂ ಒಂದಾಗಿಯೇ ಅಂಗಡಿಯಲ್ಲಿ ಸಿಗುತ್ತವೆ, ಹೊಸ ಗ್ರಿಲ್ಲಿನ ಬೆಲೆಯಲ್ಲಿ ಅವುಗಳ ಪಾಲು ಅತ್ಯಲ್ಪ. ಬರ್ನರಿನ ಬಾಯಿಯಿಂದ ಜೇಡನನ್ನು ಓಡಿಸುವುದಕ್ಕೆ ಒಂದು ಉದ್ದನೆಯ ಬ್ರಷ್ಷು ಸಾಕು. ಸೀಳಿದ ಬರ್ನರಿಗೆ ಬದಲಿ ಸಿಗುತ್ತದೆ. ಸಿಗದಿದ್ದರೆ ಆ ಒಲೆಯನ್ನು ಮಾರಬಾರದು, ಅಲ್ಲಿಗೆ ಮಾತು ಮುಗಿಯಿತು. ಮಿಕ್ಕ ಕುಂದುಗಳನ್ನು ಬೇಕಾದಷ್ಟು ಉಳಿಸಿಕೊಂಡು, ಬಾಯಿಬಿಟ್ಟು ಹೇಳಿ, ಬೆಲೆಯಲ್ಲಿ ತೀರಿಸಿಕೊಳ್ಳಬಹುದು. ಬಡವನಿಗೆ ಕುರೂಪಿ ಒಲೆಯನ್ನು ಮಾರುವುದರಲ್ಲಿ ಯಾವ ಪಾಪವೂ ಇಲ್ಲ.

ದುಡ್ಡು ತೆಗೆದುಕೊಳ್ಳದೆ ರಸ್ತೆಯಂಚಿಗೆ ತಳ್ಳಿದವನ ವಿಷಯ ಉಳಿಯಿತು. ಪುಕ್ಕಟೆ ಕೊಟ್ಟದ್ದಕ್ಕೆ ಹೊಣೆಯೆಲ್ಲಿಂದ ಬಂತು? ದಾನಕ್ಕೆ ಬಂದ ಹಸುವಿನ ಹಲ್ಲನ್ನು ಎಣಿಸಬಾರದೆಂದು ನಮ್ಮಲ್ಲಿ ಗಾದೆಯೇ ಇದೆ. ಆದರೆ ಗಾದೆ ತೆಗೆದುಕೊಳ್ಳುವವನಿಗೆ ಬುದ್ಧಿ ಹೇಳುತ್ತದೆಯೇ ಹೊರತು ಕೊಡುವವನಿಗೆ ರಹದಾರಿ ಕೊಡುವುದಿಲ್ಲ. ಕೊಡುವವನ ವಿಷಯವನ್ನು ಕಠೋಪನಿಷತ್ತು ತನ್ನ ಮೊದಲಲ್ಲೇ ಎತ್ತಿದೆ. ವಾಜಶ್ರವಸ ಯಜ್ಞದಲ್ಲಿ ದಾನ ಕೊಡುತ್ತಿರುವ ಹಸುಗಳು ಇನ್ನು ನೀರು ಕುಡಿಯಲಾರವು, ಹುಲ್ಲು ಮೇಯಲಾರವು, ಹಾಲು ಕೊಡಲಾರವು. ಅದನ್ನು ಕಂಡದ್ದು ಅವನ ಮಗ, ಚಿಕ್ಕ ಹುಡ��ಗ. ನಚಿಕೇತನನ್ನು ಯಮನ ಮನೆಯವರೆಗೂ ಕರೆದೊಯ್ದ ಪ್ರಶ್ನೆ ಶುರುವಾದದ್ದು ಆತ್ಮದ ವಿಷಯವಾಗಿ ಅಲ್ಲ, ಕೆಲಸಕ್ಕೆ ಬಾರದ್ದನ್ನು ಕೊಟ್ಟು ಕೈತೊಳೆದುಕೊಳ್ಳುವ ಅಪ್ಪನನ್ನು ನೋಡಿ. ಎಷ್ಟೋ ವ್ಯಾಖ್ಯಾನಗಳು ಈ ಹಸುಗಳನ್ನು ಬೇಗ ದಾಟಿ ಬ್ರಹ್ಮವಿದ್ಯೆಗೆ ಧಾವಿಸುವುದು ನನಗೆ ಯಾವಾಗಲೂ ಸ್ವಲ್ಪ ಬೇಸರದ ವಿಷಯ. ರಸ್ತೆಯಂಚಿನ ಒಲೆ ಆ ಮುದಿ ಹಸುಗಳಿಗಿಂತಲೂ ಒಂದು ಹೆಜ್ಜೆ ಮುಂದೆ. ಮುದಿ ಹಸು ಹಾಲು ಕೊಡದು, ಅಷ್ಟೆ, ಇದು ಹಾಯಲೂಬಹುದು. ಕೊಟ್ಟವನಿಗೂ ಒಯ್ದವನಿಗೂ ಮುಖಪರಿಚಯವಿಲ್ಲ. ಒಂದು ಮಾತು ಹೇಳುವುದಕ್ಕೂ ಸಂದರ್ಭವಿಲ್ಲ. ಅಂಥ ಕಡೆ ಒಲೆಯನ್ನು ಹೊರಗಿಡುವ ಮುನ್ನ ಪೈಪನ್ನು ಚಾಕುವಿನಿಂದ ಕತ್ತರಿಸಿಬಿಡುವುದು ಒಳ್ಳೆಯದು. ಕತ್ತರಿಸಿದ ಪೈಪನ್ನು ಯಾರೂ ಸಿಲಿಂಡರಿಗೆ ಕಟ್ಟಲಾರರು. ಒಲೆ ಬೇಕಾದವನು ಹೊಸದು ತಂದೇ ತರುತ್ತಾನೆ.

ಮಾರುವವನ ಮಾತೂ ಗಾಳಿಯಲ್ಲಿ ಹೋಗುವಂಥದೇ. ಇವನು ಹೇಳಿದ್ದನ್ನು ಕೊಂಡವನು ಕೇಳಿಸಿಕೊಂಡಾನು. ಎರಡು ವರ್ಷದ ಮೇಲೆ ಅವನಿಂದ ಕೊಳ್ಳುವ ಮತ್ತೊಬ್ಬನಿಗೆ ಅದು ತಲಪುವುದೆಂಬ ಭರವಸೆಯಿಲ್ಲ. ದುರಸ್ತಿ ಮಾಡಿದವನು ಏನನ್ನು ಬದಲಾಯಿಸಿದೆ, ಏನನ್ನು ಬದಲಾಯಿಸಲಿಲ್ಲ, ಯಾವ ವರ್ಷ ಎಂದು ಬರೆದಿಡುವುದು ಉತ್ತಮ. ಕಾಗದದ ಚೀಟಿ ಜಿಡ್ಡಿಗೂ ಬಿಸಿಗೂ ನಿಲ್ಲದು. ಸಿಲಿಂಡರ್ ಇಡುವ ಗೂಡಿನ ಬಾಗಿಲ ಒಳಮೈಗೆ ಬಣ್ಣದಲ್ಲಿ ಬರೆದರೆ ನಾಲ್ಕಾರು ಬೇಸಗೆ ಉಳಿದೀತು. ನಮ್ಮಲ್ಲಿ ಗ್ಯಾಸ್ ಕಂಪನಿಗಳವರು ಕೊಡುವ ಕಿತ್ತಳೆ ಬಣ್ಣದ ಪೈಪಿನ ಮೇಲೆ ಈ ಕೆಲಸ ಆಗಲೇ ಆಗಿದೆ. ವರ್ಷ ಅದರ ಮೈಮೇಲೆಯೇ ಅಚ್ಚಾಗಿರುತ್ತದೆ, ಐದು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕು. ಹಳೆಯ ಒಲೆಯನ್ನು ಕೆಲಸದಾಕೆಗೋ ಊರಿನ ನೆಂಟರಿಗೋ ಕೊಡುವ ದಿನ ಅದನ್ನು ಓದಿ ಹೇಳಲು ಧರ್ಮಶಾಸ್ತ್ರವೇನೂ ಬೇಕಾಗಿಲ್ಲ. ಅಕ್ಷರ ಸಣ್ಣದು, ಕನ್ನಡಕ ಹಾಕಿಕೊಳ್ಳಬೇಕಾದೀತು.